ಚಾಡಿಪೆಟ್ಟಿಗೆಗೆ ಕಾಣದ ಕಡಲು

ಬೋಟಿನ ಕ್ಯಾಬಿನ್ ಮೇಲೆ ಕೂರುವ ಆ ಬಿಳಿ ಪೆಟ್ಟಿಗೆಗೆ ಸರ್ಕಾರ ಇಟ್ಟ ಹೆಸರು ಪಥಸೂಚಕ. ಗಂಗೊಳ್ಳಿ ಬಂದರಿನಲ್ಲಿ ಆ ಹೆಸರನ್ನು ಯಾರೂ ಒಂದು ದಿನವೂ ಬಳಸಿದ್ದಿಲ್ಲ. ಅಲ್ಲಿನವರ ಬಾಯಲ್ಲಿ ಅದು ಚಾಡಿಪೆಟ್ಟಿಗೆ. ಎರಡೆರಡು ನಿಮಿಷಕ್ಕೊಮ್ಮೆ ಆಕಾಶದ ಉಪಗ್ರಹಕ್ಕೆ 'ಈ ಬೋಟು ಈಗ ಇಲ್ಲಿದೆ' ಎಂದು ಊದುತ್ತಲೇ ಇರುವ ವಸ್ತುವನ್ನು ಚಾಡಿಕೋರ ಎನ್ನದೆ ಇನ್ನೇನನ್ನಬೇಕು?

ಹಾಗೆ ಸಾವಿರಾರು ಬೋಟುಗಳು ಹೇಳಿದ ಚಾಡಿಯೆಲ್ಲ ಬಂದು ಬೀಳುತ್ತಿದ್ದುದು ಕುಂದಾಪುರದ ಕಡಲ ಹಂಚಿಕೆ ಕೇಂದ್ರಕ್ಕೆ. ಅಲ್ಲೊಂದು ಯಂತ್ರ ಕಾರವಾರದಿಂದ ಮಂಗಳೂರಿನವರೆಗಿನ ಕಡಲನ್ನು ಎರಡು ಕಿಲೋಮೀಟರಿನ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕಕ್ಕೂ ಅಂಕ ಕೊಡುತ್ತಿತ್ತು. ಹೆಚ್ಚು ಬೋಟು ಬಲೆ ಹಾಕಿದರೆ ಹೆಚ್ಚು ಅಂಕ, ಯಾರೂ ಹೋಗದಿದ್ದರೆ ಸೊನ್ನೆ. ಅಂಕ ಇರುವ ನೀರು ಮೀನುಗಾರರಿಗೆ, ಸೊನ್ನೆಯ ನೀರು ಗಾಳಿಕಂಬಗಳಿಗೆ. ಯಾರಿಗೂ ಬೇಡದ ಜಾಗದಲ್ಲಿ ಕಂಬ ನೆಟ್ಟು ಕರೆಂಟು ತೆಗೆದರೆ ಯಾರ ಹೊಟ್ಟೆಯ ಮೇಲೂ ಹೊಡೆದಂತಾಗುವುದಿಲ್ಲ. ಕಾಗದದ ಮೇಲೆ ಇಷ್ಟು ನ್ಯಾಯವಾದ ಏರ್ಪಾಡು ಇನ್ನೊಂದಿರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಎರಡನೇ ಹಂತದ ಕಂಬಗಳಿಗೆ ಯಂತ್ರ ಆರಿಸಿದ ಇಪ್ಪತ್ತನಾಲ್ಕು ಚೌಕಗಳ ಪಟ್ಟಿ ಪರದೆಯ ಮೇಲೆ ಬಂತು. ಕೇಂದ್ರದಲ್ಲಿ ಆರು ವರ್ಷದಿಂದ ಲೆಕ್ಕ ನೋಡುತ್ತಿದ್ದ ನಿಶ್ಮಿತಾ ಪಟ್ಟಿಯನ್ನು ನಕ್ಷೆಯ ಮೇಲೆ ಹರಡಿದವಳೇ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಪಟ್ಟಿಯ ನಟ್ಟನಡುವೆ ಇದ್ದದ್ದು ನೂರಾ ಹದಿನೇಳನೇ ಚೌಕ. ಅಂಕ ಸೊನ್ನೆ. ಆರು ವರ್ಷದಲ್ಲಿ ಅಲ್ಲಿ ಒಂದೇ ಒಂದು ಬೋಟೂ ಬಲೆ ಹಾಕಿಲ್ಲ ಎನ್ನುತ್ತಿತ್ತು ಯಂತ್ರ.

ನಿಶ್ಮಿತಾಳ ಮನೆಯಲ್ಲಿ ಹಿಂದಿನ ದಿನ ಮಧ್ಯಾಹ್ನ ಬೆಂದ ಬಂಗ್ಡೆ ಆ ಚೌಕದ್ದೇ ಎಂದು ಅವಳು ಬೇಕಿದ್ದರೆ ಆಣೆ ಹಾಕುತ್ತಿದ್ದಳು.

ಅವಳ ಅಪ್ಪ ದಿನಕರ ಮೊಗವೀರ ಮೀನಿನ ಹಿಂಡನ್ನು ಬಲೆಯಿಂದ ಸುತ್ತಿ ಹಿಡಿಯುವ 'ಜಲದುರ್ಗಾ' ಎಂಬ ಪರ್ಸೀನ್ ಬೋಟಿನ ತಾಂಡೇಲ. ಎಲ್ಲಿಗೆ ಹೋಗಬೇಕು, ಎಲ್ಲಿ ಬಲೆ ಸುತ್ತಬೇಕು ಎಂದು ತೀರ್ಮಾನಿಸುವವನು ತಾಂಡೇಲ, ಉಳಿದ ಇಪ್ಪತ್ತೈದು ಕಲಾಸಿಗಳು ಅವನ ಮಾತಿನಂತೆ ನಡೆಯುವವರು. ಅವನ ಆಸ್ತಿಯೆಂದರೆ ಮೀನಿರುವ ಜಾಗದ ಗುಟ್ಟು. ಆ ಗುಟ್ಟನ್ನು ಚಾಡಿಪೆಟ್ಟಿಗೆ ಬಾಯಿಬಿಡದ ಹಾಗೆ ಮಾಡುವ ಉಪಾಯವನ್ನು ಗಂಗೊಳ್ಳಿಯವರು ಪೆಟ್ಟಿಗೆ ಬಂದ ಮೊದಲ ವಾರವೇ ಕಂಡುಹಿಡಿದಿದ್ದರು. ಒಳ್ಳೆಯ ಜಾಗ ಹತ್ತಿರವಾದ ಕೂಡಲೇ, ಬೋಟಿನಲ್ಲಿ ಅನ್ನ ಬೇಯಿಸುವ ದೊಡ್ಡ ಅಲ್ಯೂಮಿನಿಯಂ ತಪಲೆಯನ್ನು ತಂದು ಪೆಟ್ಟಿಗೆಯ ಮೇಲೆ ಕವುಚಿಬಿಡುವುದು. ಪೆಟ್ಟಿಗೆ ಒಳಗೇ ಬಡಬಡಿಸಿಕೊಳ್ಳುತ್ತದೆ, ಮಾತು ಆಕಾಶ ಮುಟ್ಟುವುದಿಲ್ಲ. ಬಲೆ ಎಳೆದು, ಮೀನು ತುಂಬಿ, ಹತ್ತು ಮೈಲಿ ಈಚೆ ಬಂದ ಮೇಲೆ ತಪಲೆ ತೆಗೆದು ಅಕ್ಕಿ ಹಾಕುವುದು. ಸಿಕ್ಕಿಬಿದ್ದರೆ ಒಂದು ವರ್ಷ ಲೈಸೆನ್ಸ್ ರದ್ದು. ಹಾಗಾಗಿ ಸಿಕ್ಕಿಬೀಳುತ್ತಿರಲಿಲ್ಲ.

ಇದು ಕೇಂದ್ರಕ್ಕೆ ತಿಳಿಯದೇ ಇದ್ದದ್ದು ಹೇಗೆ ಎಂದರೆ, ಅಲ್ಲಿ ನಿಶ್ಮಿತಾ ಇದ್ದಳಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅವಳು ಯಂತ್ರಕ್ಕೆ ಒಂದು ನಿಯಮ ಬರೆದುಕೊಟ್ಟಿದ್ದಳು: ಆರು ಗಂಟೆಯೊಳಗಿನ ಮೌನ ಯಂತ್ರದೋಷ, ಅದನ್ನು ಲೆಕ್ಕದಿಂದ ಬಿಡುವುದು. ಉಪ್ಪುನೀರಿನಲ್ಲಿ ಪೆಟ್ಟಿಗೆ ಆಗಾಗ ಕೆಡುವುದು ಸುಳ್ಳಲ್ಲ. ಆದರೆ ಆ ನಿಯಮ ಬರೆಯುವಾಗ ಅವಳ ಕಣ್ಣ ಮುಂದೆ ಇದ್ದದ್ದು ಉಪ್ಪುನೀರಲ್ಲ, ಅಡುಗೆಮನೆಯಿಂದ ಬೋಟಿಗೆ ಹೋದ ಹೊಸ ತಪಲೆ. ಅಪ್ಪನನ್ನು ಉಳಿಸಿದೆನೆಂದು ಅಂದು ಬೀಗಿದ್ದಳು. ಈಗ ನೋಡಿದರೆ ಅಪ್ಪ ಮುಚ್ಚಿದ, ಮಗಳು ಅಳಿಸಿದಳು, ಇಬ್ಬರೂ ಸೇರಿ ಆ ಜಾಗವನ್ನು ಗಾಳಿ ಕಂಪನಿಗೆ ತಟ್ಟೆಯಲ್ಲಿಟ್ಟು ಕೊಟ್ಟಿದ್ದರು. ಅವಳಿಗೆ ತನ್ನ ಮೇಲೇ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು.

ಬೇರೆ ಕಾಲವಾಗಿದ್ದರೆ ಒಂದು ಚೌಕ ಹೋದರೆ ಇನ್ನೊಂದು ಎನ್ನಬಹುದಿತ್ತು. ಈಗಿನ ಕಡಲು ಹಾಗಿರಲಿಲ್ಲ. ಮೇಲಿನ ನೀರು ವರ್ಷದ ಎಂಟು ತಿಂಗಳು ಸ್ನಾನಕ್ಕೆ ಹದವಾಗಿಟ್ಟ ಹಂಡೆಯಂತೆ ಬೆಚ್ಚಗಿರುತ್ತಿತ್ತು. ಬೂತಾಯಿ ಮೀನು ಹಿಂಡು ಹಿಂಡಾಗಿ ಗುಜರಾತಿನ ಕಡೆಗೆ ಗುಳೆ ಹೋಗಿ ಹನ್ನೊಂದು ವರ್ಷವಾಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ತಳದಿಂದ ಪ್ರಾಣವಾಯುವಿಲ್ಲದ ನೀರು ಮೇಲೇರಿ ಬರುತ್ತಿತ್ತು, ಅದರೊಳಗೆ ಸಿಕ್ಕ ಮೀನು ಬಲೆಗೆ ಬೀಳುವ ಮೊದಲೇ ಸತ್ತಿರುತ್ತಿತ್ತು. ಉಳಿದದ್ದು ಬಂಗ್ಡೆ. ಅದೂ ತಣ್ಣೀರು ಸಿಕ್ಕುವಲ್ಲಿ ಮಾತ್ರ. ನೂರಾ ಹದಿನೇಳರಲ್ಲಿ ಕಡಲಿನ ತಳ ಒಂದು ಕಲ್ಲಿನ ದಿಬ್ಬವಾಗಿ ಎದ್ದಿದೆ, ಅಡಿಯ ಹರಿವು ಅದಕ್ಕೆ ಬಡಿದು ತಣ್ಣನೆಯ ಒಳ್ಳೆಯ ನೀರನ್ನು ಮೇಲೆತ್ತುತ್ತದೆ. ಕಾದ ಕಡಲಿನಲ್ಲಿ ಮೀನು ಬಂದು ಉಸಿರು ಬಿಡುವ ಜಾಗ ಅದು. ಕಂಬ ಬಂದರೆ ಸುತ್ತ ಅರ್ಧ ಕಿಲೋಮೀಟರು ಯಾವ ಬೋಟೂ ಸುಳಿಯುವಂತಿಲ್ಲ, ಅಡಿಯಲ್ಲಿ ಕೇಬಲ್ಲು. ಬಲೆ ಎನ್ನುವ ಮಾತೇ ಇಲ್ಲ.

ಮಧ್ಯಾಹ್ನದ ಊಟಕ್ಕೆ ಅವಳು ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಬಲೆಯ ಹರಿದ ಕಣ್ಣು ಕಟ್ಟುತ್ತಿದ್ದ.

"ಅಪ್ಪಯ್ಯ, ನಿನ್ನೆ ಬಂಗ್ಡೆ ಎಲ್ಲಿ ಸಿಕ್ಕಿದ್ದ್?"

"ಕಡ್ಲಗೆ."

"ಕಡ್ಲಗೆ ಅಲ್ದೆ ಗದ್ದಿಯಗೆ ಸಿಕ್ಕತ್ತಾ? ಕಡ್ಲಗೆ ಎಲ್ಲಿ?"

"ಭಟ್ಕಳದ ಬದಿಗೆ," ಎಂದ ದಿನಕರ, ಕಣ್ಣು ಬಲೆಯಿಂದ ಎತ್ತದೆ. ಅವನು ಸುಳ್ಳು ಹೇಳುವುದರಲ್ಲಿ ಎತ್ತಿದ ಕೈ. ತೆಂಕಿನಲ್ಲಿ ಮೀನು ಸಿಕ್ಕರೆ ಬಡಗು ಎನ್ನುವುದು, ಬಡಗಿನಲ್ಲಿ ಸಿಕ್ಕರೆ ಪಡು ಎನ್ನುವುದು. ವಯರ್‌ಲೆಸ್ಸಿನಲ್ಲಿ ಬೇರೆ ಬೋಟಿನವರು ಕೇಳಿದರೆ, ಬಲೆ ತುಂಬಿ ಒಡೆಯುತ್ತಿದ್ದರೂ 'ಎಂತದೂ ಇಲ್ಲೆ ಮಾರಾಯ, ಬರೀ ಜೆಲ್ಲಿಮೀನ್' ಎಂದು ನಿಟ್ಟುಸಿರು ಬಿಡುವುದು. ಇದನ್ನು ಗಂಗೊಳ್ಳಿಯಲ್ಲಿ ಯಾರೂ ಸುಳ್ಳೆಂದು ಎಣಿಸುತ್ತಿರಲಿಲ್ಲ, ಕಸುಬಿನ ಮರ್ಯಾದೆ ಎಂದು ಎಣಿಸುತ್ತಿದ್ದರು.

"ಅಪ್ಪಯ್ಯ, ನಾ ಆಫೀಸಿನಗೆ ಕಾಂತೆ. ಎಲ್ಲಾ ಕಾಣತ್ತ್. ಆ ಕಲ್ಲಿನ ದಿಬ್ಬದ ಹತ್ರ ನಿಮ್ ಬೋಟ್ ಕಾಣೆ ಆತ್ತ್, ನಾಲ್ಕ್ ಗಂಟೆ ಬಿಟ್ಟ್ ಈಚಿಗೆ ಬತ್ತ್. ಅಲ್ಲಿ ಕಂಬ ಹಾಕ್ತ್ರ್ ಈಗ."

ಬಲೆ ಕಟ್ಟುವ ಕೈ ನಿಂತಿತು. "ಯಾವ ದಿಬ್ಬ? ನಂಗೆ ಯಾವ್ ದಿಬ್ಬವೂ ಗೊತ್ತಿಲ್ಲೆ."

ಒಳಗಿನಿಂದ ಅಮ್ಮ ಜಲಜ ಕೂಗಿದಳು. "ನಿಶ್ಮಿ, ಸುಮ್ನೆ ಉಣ್ಕ್ ಬಾ. ಮದಿ ಆಯಿ ಮೂವತ್ತೈದ್ ವರ್ಷ ಆಯ್ತ್, ಮೀನ್ ಎಲ್ಲಿ ಸಿಕ್ಕತ್ತ್ ಅಂದೇಳಿ ನಂಗೇ ಹೇಳ್ಲಿಲ್ಲ. ನಿಂಗ್ ಹೇಳ್ತ್ರಾ?"

ಮರುದಿನ ನಿಶ್ಮಿತಾ ತಾನೇ ಬರೆದ ನಿಯಮವನ್ನು ಕಿತ್ತುಹಾಕಿ, ಆರು ವರ್ಷದ ಮೌನಗಳನ್ನೆಲ್ಲ ಕಸದಿಂದ ಹೆಕ್ಕಿದಳು. ಲೆಕ್ಕ ಕಷ್ಟದ್ದೇನಲ್ಲ. ಬೋಟು ಎಲ್ಲಿ ಸುಮ್ಮನಾಯಿತು, ಆಗ ಅದರ ವೇಗ ಎಷ್ಟು, ಎಷ್ಟು ಹೊತ್ತಿನ ಮೇಲೆ ಎಲ್ಲಿ ಮತ್ತೆ ಮಾತಾಡಿತು, ಅಂದು ಬಂದರಿನಲ್ಲಿ ಎಷ್ಟು ಮೀನು ಇಳಿಯಿತು. ಇಷ್ಟು ಗೊತ್ತಾದರೆ ಆ ಮೌನದ ಹೊತ್ತಿನಲ್ಲಿ ಬೋಟು ಎಲ್ಲೆಲ್ಲಿ ಇದ್ದಿರಬಹುದು ಎಂದು ಒಂದು ವೃತ್ತ ಎಳೆಯಬಹುದು. ಒಂದು ವೃತ್ತದಿಂದ ಏನೂ ತಿಳಿಯುವುದಿಲ್ಲ. ಸಾವಿರ ವೃತ್ತ ಎಳೆದು ಅವು ಎಲ್ಲಿ ಒಂದರ ಮೇಲೊಂದು ಬೀಳುತ್ತವೆ ಎಂದು ನೋಡಬೇಕು.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ನೂರಾ ಹದಿನೇಳನೇ ಚೌಕ ಕೆಂಡದ ಹಾಗೆ ಕೆಂಪಾಯಿತು. ಇಷ್ಟು ಅವಳು ಊಹಿಸಿದ್ದೇ. ಊಹಿಸದಿದ್ದದ್ದು ಪಕ್ಕದಲ್ಲಿ ಬಂದ ಬೋಟುಗಳ ಪಟ್ಟಿ. ಅಲ್ಲಿ ಬಾಯಿ ಮುಚ್ಚಿದ್ದು ಜಲದುರ್ಗಾ ಒಂದೇ ಅಲ್ಲ, ಮೂವತ್ತೆಂಟು ಬೋಟು. ಗಂಗೊಳ್ಳಿಯ ಅರ್ಧಕ್ಕರ್ಧ ತಾಂಡೇಲರು ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ, ಇದು ನನ್ನೊಬ್ಬನ ಜಾಗ ಎಂದುಕೊಂಡು ಕದ್ದು ಹೋಗಿ ಬರುತ್ತಿದ್ದದ್ದು ಅದೇ ಒಂದು ದಿಬ್ಬಕ್ಕೆ. ನಿಶ್ಮಿತಾಳಿಗೆ ನಗು ಬಂತು, ನಗುತ್ತಲೇ ತಲೆ ಚಚ್ಚಿಕೊಳ್ಳಬೇಕೆನಿಸಿತು. ಒಬ್ಬನಾದರೂ ಬಾಯಿ ಬಿಟ್ಟಿದ್ದರೆ ಆ ಚೌಕಕ್ಕೆ ಸೊನ್ನೆ ಬೀಳುತ್ತಿರಲಿಲ್ಲ.

ಅವಳು ನಕ್ಷೆ ಹಿಡಿದುಕೊಂಡು ಕೇಂದ್ರದ ಮುಖ್ಯಸ್ಥೆ ಕುಲಕರ್ಣಿ ಮೇಡಂ ಬಳಿಗೆ ಓಡಿದಳು. ಧಾರವಾಡದ ಕಡೆಯ ಕುಲಕರ್ಣಿ ಕಡಲು ನೋಡಿದ್ದೇ ನಲವತ್ತರ ಮೇಲೆ. ಆದರೆ ಲೆಕ್ಕ ನೋಡುವುದರಲ್ಲಿ ಅವಳಿಗೆ ಮೋಸ ಮಾಡಲು ಸಾಧ್ಯವಿರಲಿಲ್ಲ.

"ಛಲೋ ಮಾಡೀದಿ," ಎಂದಳು ಕುಲಕರ್ಣಿ ನಕ್ಷೆಯನ್ನು ತುಂಬ ಹೊತ್ತು ನೋಡಿ. "ಆದ್ರ ಇದು ನಡಿಯೂದಿಲ್ಲ. ಸುಮ್ನ ಇದ್ದದ್ದನ್ನ ಸಾಕ್ಷಿ ಅಂತ ಹೆಂಗ ಬರಕೊಳ್ಳಲಿ? ಕಂಪನಿಯವ್ರು ಪೆಟಗಿ ಕೆಟ್ಟಿತ್ತು ಅಂತಾರ. ಆರು ವರ್ಷ ನೀನೂ ಹಂಗ ಅಂದೀದಿ."

"ತಪ್ಪಾಯಿತು ಮೇಡಂ. ಈಗ ಏನು ಮಾಡಲಿ?"

"ಮುಂದಿನ ಶನಿವಾರ ಜನರ ಅಹವಾಲು ಕೇಳೂದು ಐತಿ. ಒಬ್ಬ ತಾಂಡೇಲ ಎದ್ದು ನಿಂತು, ನಾ ಇಂಥಾ ಜಾಗಾದಾಗ ಬಲಿ ಹಾಕ್ತಿದ್ದೆ ಅಂತ ಬಾಯಿಬಿಟ್ಟು ಹೇಳ್ಲಿ. ಆವತ್ತು ಹೇಳಿದ್ದಕ್ಕ ಯಾರ ಲೈಸೆನ್ಸೂ ಮುಟ್ಟೂದಿಲ್ಲ, ನಾ ಬರದು ಕೊಡ್ತೇನಿ. ಆದ್ರ ಹೇಳಬೇಕು. ಮತ್ತ ಒಂದ್ ಮಾತು, ನಿಶ್ಮಿತಾ. ಕಂಬ ಬ್ಯಾಡ ಅಂತ ನಾ ಅನ್ನಂಗಿಲ್ಲ. ಕಲ್ಲಿದ್ದಲು ಸುಟ್ಟು ಸುಟ್ಟು ಈ ನೀರು ಕಾದದ. ಕಂಬ ಹಾಕದಿದ್ರ ನಿಮ್ಮ ದಿಬ್ಬದ ನೀರೂ ಇನ್ನ ಹತ್ತು ವರ್ಷಕ್ಕ ಬಿಸಿ ಆಗ್ತದ. ತಿಳೀತಿಲ್ಲೋ?"

ತಿಳಿಯದೆ ಏನು. ಕಂಬ ಬಂದರೆ ಈಗ ಸಾಯುವುದು, ಬಾರದಿದ್ದರೆ ಆಮೇಲೆ ಸಾಯುವುದು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ತಿಳಿಯದ ಸಿಟ್ಟು ಎಲ್ಲಕ್ಕಿಂತ ಕೆಟ್ಟದ್ದು. ಅದನ್ನು ಹೊತ್ತುಕೊಂಡು ನಿಶ್ಮಿತಾ ಮನೆಗೆ ಬಂದಳು.

ಈ ಸಲ ಅವಳು ಪ್ರಶ್ನೆ ಕೇಳಲಿಲ್ಲ. ಮೂವತ್ತೆಂಟು ಬೋಟುಗಳ ಪಟ್ಟಿಯನ್ನು ಅಪ್ಪನ ಮುಂದೆ ಇಟ್ಟಳು. ದಿನಕರ ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರು ಓದಿದ. ಹದಿನಾಲ್ಕನೆಯದು, ತಾಂಡೇಲ ಪಾಂಡುರಂಗ ಖಾರ್ವಿಯ ಬೋಟಿನ ಹೆಸರು, ಬಂದಾಗ ದಿನಕರನ ಮುಖ ಕಪ್ಪಿಟ್ಟಿತು.

"ಪಾಂಡುರಂಗನೂವಾ?"

"ವಾರಕ್ಕೆ ಮೂರ್ ಸಲ."

"ನಂಗೆ ಮಂಗ್ಳೂರ್ ಬದಿಗೆ ಹೋತೆ ಅಂದೇಳಿ ಹೇಳ್ತಿದ್ದ ಅಲ್ದಾ ಆ ಸುಳ್ಳ! ಹತ್ತ್ ವರ್ಷದಿಂದ!"

"ನೀವ್ ಅವ್ರಿಗೆ ಎಂತ ಹೇಳ್ತಿದ್ರಿ ಅಪ್ಪಯ್ಯ?"

ದಿನಕರ ಪಟ್ಟಿಯನ್ನು ಮಗುಚಿ ಇಟ್ಟ. ಕಂಬ ಬರುವ ಸುದ್ದಿಗಿಂತ ಹೆಚ್ಚಾಗಿ ಅವನನ್ನು ಕಡಿದದ್ದು ತನ್ನ ಗುಟ್ಟು ಊರ ಗುಟ್ಟಾಗಿತ್ತು ಎಂಬುದು. ತಂದೆ ಸಾಯುವ ಮುಂಚೆ ಬೋಟಿನಲ್ಲಿ ಕೂರಿಸಿಕೊಂಡು ಹೋಗಿ, ಕೊಡಚಾದ್ರಿಯ ನೆತ್ತಿ ಯಾವ ಗುಡ್ಡದ ಹೆಗಲ ಮೇಲೆ ಕೂತಾಗ ಬೋಟು ನಿಲ್ಲಿಸಬೇಕೆಂದು ತೋರಿಸಿದ ಜಾಗ ಅದು. ಅವರ ಮನೆಯಲ್ಲಿ ಅದಕ್ಕೆ 'ಕೊಪ್ಪರಿಗೆ' ಎಂದು ಹೆಸರು. ಆ ಹೆಸರನ್ನು ದಡದ ಮೇಲೆ ನಿಂತು ಬಾಯಿಯಲ್ಲಿ ಆಡಬಾರದು ಎಂದು ತಂದೆ ಹೇಳಿದ್ದ.

"ಶನಿವಾರ ಹೇಳ್ಕ್ ಅಪ್ಪಯ್ಯ. ಒಂದ್ ಮಾತ್ ಸಾಕ್."

"ಸಾಯ್ತೆ ಬೇಕಾರೆ," ಎಂದು ದಿನಕರ ಎದ್ದುಹೋದ.

ಶನಿವಾರ ಬಂದರಿನ ಹರಾಜು ಚಾವಡಿಯಲ್ಲಿ ಕುರ್ಚಿ ಹಾಕಿದ್ದರು. ಕುಲಕರ್ಣಿ, ಕಂಪನಿಯ ಇಬ್ಬರು, ಬರೆದುಕೊಳ್ಳಲು ಒಬ್ಬ ಗುಮಾಸ್ತ. ಎದುರಿಗೆ ನೂರೈವತ್ತು ಜನ ಮೀನುಗಾರರು. ಕಂಬ ಬೇಡ ಎಂದು ಕೂಗುವುದರಲ್ಲಿ ಯಾರೂ ಹಿಂದೆ ಬೀಳಲಿಲ್ಲ. 'ಹಾಗಾದರೆ ನೀವು ಬಲೆ ಹಾಕುವ ಜಾಗ ಯಾವುದು ಹೇಳಿ' ಎಂದ ಕೂಡಲೇ ಬಾಯಿಗಳಿಗೆಲ್ಲ ಬೀಗ ಬಿತ್ತು. ಎದ್ದವರೂ ಒಬ್ಬ ಭಟ್ಕಳದ ಬದಿ ಎಂದ, ಒಬ್ಬ ಮಲ್ಪೆಯ ಬದಿ ಎಂದ. ಗುಮಾಸ್ತ ಎಲ್ಲವನ್ನೂ ನಂಬಿಕೆಯಿಂದ ಬರೆದುಕೊಂಡ. ಅಲ್ಲೆಲ್ಲ ಮೊದಲೇ ಅಂಕ ಇತ್ತು, ಅಲ್ಲಿಗೆ ಯಾರೂ ಕಂಬ ಕೇಳಿರಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ನಿಶ್ಮಿತಾಳಿಗೆ ಕೂಗಿಬಿಡಬೇಕೆನಿಸಿತು. ಆದರೆ ಕೇಂದ್ರದ ನೌಕರರು ಬಾಯಿಬಿಡುವಂತಿರಲಿಲ್ಲ.

ಕಂಪನಿಯವನು ಕಡತ ಮಡಚಿ, "ಹಾಗಾದರೆ ನೂರಾ ಹದಿನೇಳರ ಬಗ್ಗೆ ಯಾರದ್ದೂ ತಕರಾರಿಲ್ಲ" ಎಂದ.

ದಿನಕರ ಎದ್ದ. ಮಗಳ ಕಡೆ ನೋಡಲಿಲ್ಲ.

"ಅದ್ ನನ್ನ ಜಾಗ," ಎಂದ. "ನಮ್ಮ ಅಪ್ಪಯ್ಯ ತೋರ್ಸಿದ್ದ್. ಅದ್ಕೆ ಕೊಪ್ಪರಿಗೆ ಅಂತ್ರ್. ನಾ ಒಬ್ಬನೇ ಬಲೆ ಹಾಕುದ್ ಅಲ್ಲಿ."

ಹಿಂದಿನ ಸಾಲಿನಿಂದ ಪಾಂಡುರಂಗ ಖಾರ್ವಿ ಕುರ್ಚಿ ಕೆಡವಿಕೊಂಡು ಎದ್ದ.

"ಹ್ವಾಯ್ ದಿನಕರಣ್ಣ, ಎಂತ ಮಾತಾಡ್ತ್ರಿ ನೀವ್? ಕೊಪ್ಪರಿಗೆ ಅಂಬ್ರ್! ಅದ್ ನಮ್ಮ ಬಾವಿ! ನಮ್ಮ ಅಜ್ಜನ ಕಾಲದ ಬಾವಿ ಅದ್, ನಿಮ್ಗೆ ಯಾರ್ ಕೊಟ್ಟದ್ದ್?"

"ಯಾವ ಬಾವಿ ಮಾರಾಯಾ, ಅದ್ ಮೂರ್‌ಕಲ್ಲ್! ನಾವ್ ಹೋಪುದ್ ಅಲ್ಲಿಗೆ!" ಎಂದ ಇನ್ನೊಬ್ಬ. ಮತ್ತೊಬ್ಬ ಎದ್ದ. ಆಮೇಲೆ ಹತ್ತು ಜನ. ಹತ್ತು ಹೆಸರು, ಒಂದೇ ಜಾಗ. ಕಳ್ಳ, ಸುಳ್ಳ ಎಂಬ ಮಾತುಗಳು ಹಾರಾಡಿದವು, ಪಾಂಡುರಂಗ ದಿನಕರನ ಕೊರಳಪಟ್ಟಿಗೆ ಕೈ ಹಾಕಿದ. ಕುಲಕರ್ಣಿ ಗುಮಾಸ್ತನ ಕಿವಿಯಲ್ಲಿ, "ಬಿಡಸಾಕ ಹೋಗಬ್ಯಾಡ. ಎಲ್ಲಾರ ಹೆಸರೂ ಬರಕೋ," ಎಂದಳು.

ಮೂವತ್ತೊಂದು ಜನರ ಹೇಳಿಕೆ ದಾಖಲಾಯಿತು. ಎರಡು ವಾರದಲ್ಲಿ ನೂರಾ ಹದಿನೇಳು ಕಂಬದ ಪಟ್ಟಿಯಿಂದ ಹೊರಬಂತು. ನಿಶ್ಮಿತಾಳ ಲೆಕ್ಕ ನಿಜವೆಂದು ಸಾಬೀತಾದದ್ದರಿಂದ ಮೇಲಿನವರು ಅವಳದ್ದೇ ಹೊಸ ನಿಯಮವನ್ನು ಕರಾವಳಿಗೆಲ್ಲ ಹಾಕಿದರು. ಇನ್ನು ಮೇಲೆ ಮೌನಕ್ಕೂ ಅಂಕ. ಬೋಟು ಎಲ್ಲಿ ಬಾಯಿ ಮುಚ್ಚುತ್ತದೋ ಅಲ್ಲಿ ಮೀನಿದೆ ಎಂದೇ ಅರ್ಥ. ಅಮ್ಮ ಆ ದಿನ ಪಾಯಸ ಮಾಡಿದ್ದಳು. ಅಪ್ಪ ಉಂಡ, ಮಾತಾಡಲಿಲ್ಲ.

ಅವನು ಯಾಕೆ ಮಾತಾಡಲಿಲ್ಲ ಎಂಬುದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಅಂಕ ಇರುವ ಚೌಕಗಳ ನಕ್ಷೆ ಎಲ್ಲರಿಗೂ ತೆರೆದದ್ದು, ಕಾನೂನೇ ಹಾಗಿತ್ತು. ತಿಂಗಳು ತುಂಬುವುದರೊಳಗೆ ಮಲ್ಪೆಯವರು, ಮಂಗಳೂರಿನವರು, ಗೋವಾದವರು, ಕೇರಳದವರು ನೂರಾ ಹದಿನೇಳನ್ನು ಫೋನಿನಲ್ಲಿ ನೋಡಿಕೊಂಡು ಬಂದಿಳಿದರು. ಆರು ವರ್ಷ ಮೂವತ್ತೆಂಟು ಬೋಟು ಒಂದನ್ನೊಂದು ತಪ್ಪಿಸಿಕೊಂಡು ಕದ್ದು ತಿಂದ ಜಾಗವನ್ನು ಇನ್ನೂರೈವತ್ತು ಬೋಟು ಹಾಡಹಗಲೇ ಬಾಚಿದವು. ಯಾವ ಬೋಟು ಯಾವಾಗ ಹೋಗುತ್ತದೆಂದು ತಿಳಿಯದ ಆ ಗುಟ್ಟೇ ಮೀನಿಗೆ ಬೇಲಿಯಾಗಿತ್ತು. ಆ ಬೇಲಿಯನ್ನು ಕಿತ್ತವಳು ನಿಶ್ಮಿತಾ. ಅದರ ಮೇಲೆ ಫೆಬ್ರವರಿಯಲ್ಲಿ ಕಡಲಿಗೆ ಜ್ವರ ಬಂತು. ಹಿಂದೆಂದೂ ಕಾಣದ ಬಿಸಿನೀರಿನ ಅಲೆ ಇಪ್ಪತ್ತಾರು ದಿನ ಕದಲದೆ ನಿಂತಿತು. ದಿಬ್ಬದ ಮೇಲಿನ ತಾಪಮಾಪಕದಲ್ಲಿ ತಣ್ಣೀರಿನ ಗೆರೆ ಮೇಲೇರಿ ಏರಿ, ಸುತ್ತಲಿನ ಬಿಸಿನೀರಿನ ಗೆರೆಗೆ ಸೇರಿಕೊಂಡಿತು. ಕುಲಕರ್ಣಿ ಹೇಳಿದ್ದ ಹತ್ತು ವರ್ಷ, ನಾಲ್ಕೇ ತಿಂಗಳಲ್ಲಿ ಮುಗಿದಿತ್ತು.

ಮಾರ್ಚಿನಲ್ಲಿ ಒಂದು ವಿಚಿತ್ರ ಶುರುವಾಯಿತು. ಗಂಗೊಳ್ಳಿಯ ಬೋಟುಗಳು ಮತ್ತೆ ಬಾಯಿ ಮುಚ್ಚತೊಡಗಿದವು. ಒಂದು ಕಡೆಯಲ್ಲ, ಎಲ್ಲೆಂದರಲ್ಲಿ. ಮೌನಕ್ಕೆ ಅಂಕ ಕೊಡುವ ಯಂತ್ರ ಒಂದಾದ ಮೇಲೊಂದು ಚೌಕಕ್ಕೆ ಕೆಂಪು ಬಳಿಯುತ್ತ ಹೋಯಿತು. ಏಪ್ರಿಲ್ ಮೊದಲ ವಾರ ಕಾರವಾರದಿಂದ ಮಂಗಳೂರಿನವರೆಗೆ ಕಡಲೆಲ್ಲ ಕೆಂಪು. ಯಂತ್ರದ ಪ್ರಕಾರ ಕರಾವಳಿಯಲ್ಲಿ ಮೀನಿಲ್ಲದ ಜಾಗವೇ ಇರಲಿಲ್ಲ.

ಕುಲಕರ್ಣಿ ನಿಶ್ಮಿತಾಳನ್ನು ಕರೆದು ಬಾಗಿಲು ಹಾಕಿಕೊಂಡಳು.

"ಇದರಾಗ ಯಾವುದು ಖರೆ, ಯಾವುದು ಸುಳ್ಳು, ನನಗ ಗೊತ್ತಾಗವಲ್ತು. ಮೂರನೇ ಹಂತಕ್ಕ ಜಾಗಾ ಎಲ್ಲಿ ಅಂತ ಮ್ಯಾಲಿನವ್ರು ದಿನಾ ಕೇಳ್ತಾರ. ನಾಳೆ ಸಂಜಿಗೆ ನಿನ್ನ ನಿಯಮ ತಗದು ಒಗೀಬೇಕಂತ ಹೇಳ್ಯಾರ. ಒಗದ್ರ ಎಲ್ಲಾ ಮೌನಕ್ಕೂ ಮತ್ತ ಸೊನ್ನೆ. ಪೂರಾ ಕಡಲು ಕಂಬಕ್ಕ ಹೋಗ್ತದ."

"ಒಂದು ದಿನ ಕೊಡಿ ಮೇಡಂ."

"ಎಲ್ಲಾಕ್ಕಿಂತ ಹೆಚ್ಚು ಸಲ ಸುಮ್ನಾದ ಬೋಟು ಯಾವುದು ಗೊತ್ತೈತೇನು? ಜಲದುರ್ಗಾ. ನಿಮ್ಮಪ್ಪನ್ನ ಕೇಳು. ಮೀನು ಖರೇನ ಇರೂ ಜಾಗಾ ಒಂದೇ ಒಂದು ಹೇಳ್ಲಿ. ಅದನ್ನ ನಕ್ಷಾದಾಗ ಹಾಕದನ, ಯಾರಿಗೂ ತೋರಿಸದನ ಉಳಸ್ತೇನಿ. ನನ್ನ ಕೆಲಸ ಹೋದ್ರೂ ಅಡ್ಡಿಯಿಲ್ಲ."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಜಲದುರ್ಗಾ ದಕ್ಕೆಗೆ ಬಂದಾಗ ನಿಶ್ಮಿತಾ ಹಗ್ಗ ಕಟ್ಟುವ ಕಂಬದ ಹತ್ತಿರ ಕಾದು ನಿಂತಿದ್ದಳು. ಮೂರು ದಿನ ಕಡಲಲ್ಲಿದ್ದು ಬಂದ ಬೋಟು. ಕಲಾಸಿಗಳು ಯಾರೂ ಅವಳತ್ತ ತಲೆಯೆತ್ತಲಿಲ್ಲ. ಅಪ್ಪ ಇಳಿದ ಕೂಡಲೇ ಅವಳು ಕುಲಕರ್ಣಿ ಹೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು.

"ಒಂದ್ ಜಾಗ ಹೇಳಿ ಅಪ್ಪಯ್ಯ. ಈ ಸಲ ಯಾರಿಗೂ ಗೊತ್ತಾತಿಲ್ಲೆ. ನಾ ಆಣಿ ಹಾಕ್ತೆ."

ದಿನಕರ ಅವಳನ್ನು ನೋಡಿದ. "ಇಲ್ಲೆ ಮಗಾ."

"ಇಲ್ಲೆ ಅಂದ್ರೆ?"

"ಎಲ್ಲೂ ಇಲ್ಲೆ. ಮೂರ್ ದಿನ ತಿರ್‌ಗಿದೆ. ಬಡಗ್ ನೋಡಿದೆ, ತೆಂಕ್ ನೋಡಿದೆ. ಮೀನೇ ಇಲ್ಲೆ."

ನಿಶ್ಮಿತಾಳ ತಾಳ್ಮೆ ಅಲ್ಲಿಗೆ ಮುಗಿಯಿತು. ಆರು ತಿಂಗಳಿನಿಂದ ನುಂಗಿಕೊಂಡದ್ದೆಲ್ಲ ದಕ್ಕೆಯ ಮೇಲೆ, ಊರಿನವರ ಎದುರಿಗೇ ಹೊರಗೆ ಬಂತು.

"ಸುಳ್ಳ್ ಹೇಳ್ಬ್ಯಾಡಿ! ನಂಗೂ ಸುಳ್ಳಾ? ಮೀನ್ ಇಲ್ದಿದ್ರೆ ಹನ್ನೆರಡ್ ಕಡೆ ಪೆಟ್ಗಿ ಮುಚ್ಚಿದ್ದ್ ಎಂತಕ್ಕೆ? ಇವತ್ತ್ ಸಂಜಿಗೆ ಎಲ್ಲಾ ಹೋತ್ತ್, ಗೊತ್ತಿತ್ತಾ? ಎಲ್ಲಾ! ನಿಮ್ಗೆ ಆ ಗುಟ್ಟೇ ದೊಡ್ಡದಾ?"

ಅಪ್ಪ ತಿರುಗಿ ಬೈಯುತ್ತಾನೆಂದು ಅವಳು ಕಾದಳು. ಅವನು ಬೈಯಲಿಲ್ಲ.

"ಮೊದ್ಲ್ ಮುಚ್ತಿದ್ದದ್ದ್ ಮೀನ್ ಇತ್ತ್ ಅಂದೇಳಿ," ಎಂದ. ಕಲಾಸಿಗಳಿಗೆ ಕೇಳಿಸದಂತೆ ದನಿ ತಗ್ಗಿಸಿದ. "ಈಗ ಮುಚ್ಚುದ್ ಇಲ್ಲೆ ಅಂದೇಳಿ. ದಿನಕರ ತಾಂಡೇಲ ಕಡ್ಲ್ ತುಂಬ ಮರ್ಲನ ಹಾಂಗೆ ತಿರ್‌ಗ್ತ, ಒಂದ್ ಬಂಗ್ಡೆ ಸಿಕ್ಲಿಲ್ಲ ಅಂದೇಳಿ ಊರಿಗೆಲ್ಲ ಕಾಂಬುದ್ ಬ್ಯಾಡ ಅಂದ್ಕಂಡೆ. ಪಾಂಡುರಂಗನೂ ಹಾಂಗೇ ಮಾಡುದ್. ಎಲ್ಲರೂ ಹಾಂಗೇ."

"ನಾ ನಂಬುದಿಲ್ಲೆ," ಎಂದಳು ನಿಶ್ಮಿತಾ.

ದಿನಕರ ಬೋಟಿನ ಮೇಲೆ ಹತ್ತಿ, ಮೀನು ತುಂಬುವ ಉಗ್ರಾಣದ ಹಲಗೆಗಳನ್ನು ಒಂದೊಂದಾಗಿ ಎತ್ತಿಟ್ಟ. "ಬಾ, ಕಾಣ್," ಎಂದ.

ಅವಳು ಬಗ್ಗಿ ನೋಡಿದಳು. ಮೂರು ದಿನದ ಹಿಂದೆ ಬಂದರಿನಲ್ಲಿ ತುಂಬಿಸಿದ ಮಂಜುಗಡ್ಡೆ, ಮೇಲೆ ಸ್ವಲ್ಪ ಕರಗಿ ಕುಸಿದದ್ದು ಬಿಟ್ಟರೆ, ಹಾಕಿದ ಹಾಗೇ ಇತ್ತು. ಬೆಳ್ಳಗೆ, ಚೊಕ್ಕವಾಗಿ. ಒಂದು ಮೀನಿನ ಪೊರೆ ಇಲ್ಲ, ಒಂದು ಹನಿ ರಕ್ತ ಇಲ್ಲ. ಮೀನಿನ ಉಗ್ರಾಣದಲ್ಲಿ ಮೀನಿನ ವಾಸನೆಯೇ ಇರಲಿಲ್ಲ.

ಇಬ್ಬರು ಕಲಾಸಿಗಳು ಸಲಿಕೆ ತಂದು ಮಂಜುಗಡ್ಡೆಯನ್ನು ಎತ್ತಿ ಎತ್ತಿ ಬಂದರಿನ ನೀರಿಗೆ ಹಾಕತೊಡಗಿದರು. ಬಿಸಿ ನೀರಿಗೆ ಬಿದ್ದದ್ದು ಎರಡು ಕ್ಷಣ ತೇಲಿ ಕರಗಿ ಹೋಗುತ್ತಿತ್ತು. ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ಕುಲಕರ್ಣಿ ಮೇಡಂ ಇರಬೇಕು. ಜಾಗ ಯಾವುದು ಎಂದು ಕೇಳುತ್ತಾಳೆ. ನಿಶ್ಮಿತಾ ಫೋನು ತೆಗೆಯಲಿಲ್ಲ. ಚಿಕ್ಕಂದಿನಿಂದ ಅಪ್ಪ ಹೇಳಿದ ಸುಳ್ಳುಗಳಿಗೆಲ್ಲ ಸಿಟ್ಟು ಮಾಡಿಕೊಂಡು ಬಂದವಳು, ಈ ಒಂದು ಮಾತಾದರೂ ಸುಳ್ಳಾಗಿರಬಾರದಿತ್ತೇ ಎಂದು ಅಲ್ಲೇ ನಿಂತು ಅತ್ತಳು.